ಸುಣ್ಣದ ಗೆರೆ

ಹುರಿ ಬಿಗಿಯಾಗಿ ಹಿಡಿ, ಡೆರಿಕ್. ಸಡಿಲ ಬಿಟ್ಟರೆ
ಗೆರೆ ಹಾವಾಗುತ್ತದೆ.
ಸುಣ್ಣ ಕೆನೆಯಷ್ಟು ಗಟ್ಟಿಯಿರಲಿ, ಸುರಿದರೆ ಹರಿಯುವಷ್ಟು.

ಹೌದು, ನಾನೇ. ಇಪ್ಪತ್ತಮೂರರ ಏಪ್ರಿಲ್‌ನಲ್ಲಿ
ವೆಂಬ್ಲಿಯ ಆ ಹೊಸ ಮೈದಾನಕ್ಕೆ
ಗೆರೆ ಎಳೆದವರಲ್ಲಿ ನಾನೂ ಒಬ್ಬ.
ಹತ್ತೊಂಬತ್ತು ತುಂಬಿತ್ತು. ಸಿಮೆಂಟಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ.
ಆಕೆಂಡನ್ ಮೇಸ್ತ್ರಿ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ
ನನ್ನ ಗೆರೆಯ ಉದ್ದಕ್ಕೂ ನೋಡಿ
"ಪರವಾಗಿಲ್ಲ" ಅಂದ.
ಅವನ ಬಾಯಲ್ಲಿ ಅದು ಪದಕ.

ಒಂದೂಮುಕ್ಕಾಲಿಗೆ ಬಾಗಿಲು ಮುಚ್ಚಿದರು.
ಮುಚ್ಚಿದ ಮೇಲೆ ನೋಡು, ಜನ ಬರತೊಡಗಿದ್ದು:
ಗೋಡೆ ಹತ್ತಿ, ಕೊಳವೆ ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು.
ಮೇಲಿನವರು ತಳ್ಳಿದರು, ಕೆಳಗಿನವರು ಹುಲ್ಲಿಗೆ ಚೆಲ್ಲಿದರು.
ಎಳ್ಳು ಹಾಕಿದ್ದರೆ ಒಂದು ಕಾಳೂ ನೆಲ ಮುಟ್ಟುತ್ತಿರಲಿಲ್ಲ.
ನನಗೆ ಕಂಡದ್ದು ಬರೀ ಬೂಟು.
ಪೂರ್ವ ಲಂಡನ್ನಿನ ಬಂದರು ಕೂಲಿಗಳ ಮೊಳೆ ಬೂಟು,
ಬೋಲ್ಟನ್ನಿನಿಂದ ರಾತ್ರಿಯಿಡೀ ರೈಲಿನಲ್ಲಿ ಬಂದ
ಗಿರಣಿಯವರ ಮರದ ಅಟ್ಟೆ,
ಸೈನ್ಯ ಕೊಟ್ಟದ್ದು, ಐದು ವರ್ಷವಾದರೂ ಸವೆಯದ್ದು,
ಒಂದು ಬೂಟು, ಪಕ್ಕದಲ್ಲಿ ಒಂದು ಊರುಗೋಲು.
ಮುಂಜಾನೆಯೆಲ್ಲ ಎಳೆದದ್ದು
ಇಪ್ಪತ್ತು ನಿಮಿಷದಲ್ಲಿ ಹೋಯಿತು.

ಕುದುರೆಯ ಬಗ್ಗೆ ಕೇಳುತ್ತೀ, ಗೊತ್ತು. ಎಲ್ಲರೂ ಕೇಳುತ್ತಾರೆ.
ಬಿಳಿ ಕುದುರೆ ಅಂತಾರೆ. ಬೂದು ಬಣ್ಣದ್ದು ಮಾರಾಯ,
ಪತ್ರಿಕೆಯ ಚಿತ್ರದಲ್ಲಿ ಬಿಳಿಯಾಯಿತು.
ಕರುವನ್ನು ಹಸು ನೂಕಿದ ಹಾಗೆ, ಮೂತಿಯಿಂದ, ಮೆಲ್ಲಗೆ.
ಜನ ಕೈಗೆ ಕೈ ಕೋದು ಹಿಂದೆ ಸರಿದರು,
ಸರಿದು ಸರಿದು ಎಲ್ಲಿ ನಿಂತರು ಹೇಳು?
ನನ್ನ ಗೆರೆ ಇದ್ದಲ್ಲಿ.
ಗೇಣಷ್ಟು ಸೊಟ್ಟ. ಆಕೆಂಡನ್ ಬೈಯುತ್ತಿದ್ದ.
ಸುಣ್ಣ ಹೋಗಿ ಕಾಲುಗಳ ಗೆರೆ,
ಬೆವರುವ, ಕೆಮ್ಮುವ, ಪೈಪು ಸೇದುವ ಗೆರೆ.
ಮೂಲೆಯಿಂದ ಒದೆಯಲು ಓಡಿ ಬರಬೇಕೆಂದರೆ ಆಟಗಾರ
ಗೆರೆಯನ್ನೇ ದಾರಿ ಕೇಳಬೇಕು.

ಎರಡನೆಯ ನಿಮಿಷಕ್ಕೇ ಬೋಲ್ಟನ್ ಒಂದು ಹೊಡೆಯಿತು.
ವೆಸ್ಟ್ ಹ್ಯಾಮಿನವನೊಬ್ಬ ಚೆಂಡೆಸೆದು ಜನರೊಳಗೆ ಸಿಕ್ಕಿಕೊಂಡಿದ್ದ,
ಬಿಡಿಸಿಕೊಂಡು ಬರುವಷ್ಟರಲ್ಲಿ ಗೋಲು.

ಎರಡನೆಯದು ಇದೆಯಲ್ಲ, ಅದರದೇ ಜಗಳ ಇವತ್ತಿಗೂ.
ಕಂಬಕ್ಕೆ ಬಡಿದು ಬಂತು ಅಂತ ಲಂಡನ್ನಿನವರು.
ಒಳಗೆ ಹೋಗಿ, ಬಲೆಗಂಟಿ ನಿಂತ ಯಾರದೋ ಮೈಗೆ ತಾಗಿ
ಈಚೆ ಬಂತು ಅಂತ ತೀರ್ಪು.
ನಾನು ಐದು ಗಜ ದೂರದಲ್ಲಿದ್ದೆ.
ಎಷ್ಟು ಜನ ಪಬ್ಬಿಗೆ ಕರೆದೊಯ್ದು, ಬಿಯರ್ ಕೊಡಿಸಿ ಕೇಳಿದ್ದಾರೆ!
ಕೊಡಿಸಿದವನ ಊರು ನೋಡಿ ಉತ್ತರ ಕೊಟ್ಟಿದ್ದೇನೆ.
ನಿನಗೆ ನಿಜ ಹೇಳುತ್ತೇನೆ, ಹುರಿ ಬಿಡಬೇಡ.
ನಾನು ನೋಡಲೇ ಇಲ್ಲ.
ತಲೆ ತಗ್ಗಿಸಿ, ಅಷ್ಟು ಕಾಲುಗಳ ಸಂದಿಯಲ್ಲಿ,
ನನ್ನ ಗೆರೆಯ ಚೂರಾದರೂ ಉಳಿದಿದೆಯೇ
ಅಂತ ಹುಡುಕುತ್ತಿದ್ದೆ.

ಸಂಜೆ ಎಲ್ಲರೂ ಹೋದ ಮೇಲೆ ಸಿಕ್ಕಿತು.
ಮೆಟ್ಟಿಲ ಮೇಲೆ, ಬಾಗಿಲಾಚೆ, ನಿಲ್ದಾಣದ ರಸ್ತೆಯುದ್ದಕ್ಕೂ
ಬೆಳ್ಳಗೆ ಹಿಮ್ಮಡಿ, ಹಿಮ್ಮಡಿ, ಹಿಮ್ಮಡಿ.
ಗೆರೆ ರೈಲು ಹತ್ತಿತ್ತು.
ಒಂದಿಷ್ಟು ಬಂದರಿನ ಕಡೆಗೆ, ಒಂದಿಷ್ಟು ಬೋಲ್ಟನ್ನಿಗೆ.
ಅಲ್ಲಿನ ಹೆಂಗಸರು ಬಾಗಿಲ ಮೆಟ್ಟಿಲಂಚಿಗೆ
ವಾರವಾರವೂ ಬಿಳಿ ಕಲ್ಲು ಉಜ್ಜುತ್ತಾರಂತೆ, ಗೆರೆ ಕೊರೆದ ಹಾಗೆ.
ಅಂಥ ಮೆಟ್ಟಿಲ ಮೇಲೆ ನಡುರಾತ್ರಿ ಒಬ್ಬ
ನನ್ನ ಸುಣ್ಣ ಮೆತ್ತಿದ ಕಾಲಿಟ್ಟಿರಬೇಕು.
"ಎಲ್ಲಿ ತುಳಿದು ಬಂದೆ ಇದನ್ನ?" ಅಂದಿರಬೇಕು ಅವಳು.
ಅವನಿಗೆಲ್ಲಿ ಕೇಳಿಸೀತು? ಗಂಟಲು ಬಿದ್ದಿತ್ತು, ಕಪ್ಪು ಗೆದ್ದಿತ್ತು.

ಸರಿ. ಇನ್ನೆರಡು ಹೆಜ್ಜೆ ಎಡಕ್ಕೆ ಹೋಗು.
ಶಾಲೆಯ ಹುಡುಗರು ಎರಡು ಗಂಟೆಗೆ ಬರುತ್ತಾರೆ,
ಎರಡೂವರೆಗೆ ಇದೆಲ್ಲ ಅಳಿಸಿರುತ್ತದೆ.
ಅದಕ್ಕೇ ಹೇಳಿದ್ದು,
ನೆಟ್ಟಗೆ ಎಳೆ.