ಮೂರು ಲಕೋಟೆ

ಹಿತ್ತಲಿನ ಹಲಸಿಗೆ ಹಬ್ಬಿದ ಎರಡು ಬಳ್ಳಿ,
ಹನ್ನೊಂದು ಕಿಲೋ ಒಳ್ಳೆಮೆಣಸು.
ನಾಪೋಕ್ಲಿನಲ್ಲಿ ತೂಗಿಸಿ ತಂದ ದುಡ್ಡು
ಅಡಿಗೆಮನೆಯ ಮಣೆಯ ಮೇಲೆ ಮೂರು ಪಾಲಾಯಿತು.
ಲಕೋಟೆಗಳು ಹಳೆಯ ಕರೆಯೋಲೆಗಳವು:
ಶನಿವಾರಕ್ಕೆ ಯಾರದೋ ಮದುವೆ,
ಭಾನುವಾರಕ್ಕೆ ಅಂಚು ಹರಿದ ಗೃಹಪ್ರವೇಶ,
ಸೋಮವಾರದ್ದು ತೆಳ್ಳಗೆ, ಬರೀ ವಾಪಸು ಬರಲಿಕ್ಕೆ.

"ದಿನದ್ದು ದಿನಕ್ಕೆ" ಎಂದೆ. ಕುಶಾಲಪ್ಪ ನಕ್ಕರು:
"ನೀರಲ್ಲಿ ಜಾರುವುದಕ್ಕೂ ಲೆಕ್ಕವೇ?"
ಜಾರುವುದಕ್ಕೇ ಲೆಕ್ಕ ಬೇಕು ಮಾರಾಯರೆ,
ಹತ್ತುವಾಗ ಎಚ್ಚರ ತಾನಾಗಿ ಇರುತ್ತದೆ.

ಎರಡು ಖಾಸಗಿ ಬಸ್ಸು ಬಿಟ್ಟೆವು.
ಸರ್ಕಾರಿ ಬಸ್ಸಲ್ಲಿ ನನಗೂ ಪೂವಿಗೂ ಪುಕ್ಕಟೆ,
ಗಂಡಸರಿಬ್ಬರಿಗೆ ಒಂದೂವರೆ ಟಿಕೆಟು.
ಮಡಿಕೇರಿಯಲ್ಲಿ ಇಳಿದು ಹತ್ತಿ,
ಸುಂಟಿಕೊಪ್ಪದಲ್ಲಿ ಪೂವಿ ವಾಂತಿ ಮಾಡಿ
(ನಿಂಬೆಹಣ್ಣು ಐದು ರೂಪಾಯಿ)
ಕುಶಾಲನಗರ ಮುಟ್ಟುವಾಗ ಹತ್ತು ಗಂಟೆ.

ಪಾರ್ಕಿನೊಳಗೆ ತಿಂಡಿ ತರುವಂತಿಲ್ಲ,
ಒಳಗಿನ ಊಟ ತಟ್ಟೆಗೆ ನೂರಾ ಎಂಬತ್ತು.
ಹತ್ತೂಕಾಲಿಗೇ, ಗೇಟಿನ ಹೊರಗೆ,
ಸಿಲ್ವರ್ ಓಕಿನ ಬುಡದಲ್ಲಿ ಮಧ್ಯಾಹ್ನದ್ದು ಮುಗಿಸಿದೆವು.
ಅಕ್ಕಿರೊಟ್ಟಿ, ಎಳ್ಳು ಪಜ್ಜಿ.
ಇನ್ನೂ ಬಾರದ ಹಸಿವಿಗೆ
ಮುಂಗಡ ಕೊಟ್ಟ ಹಾಗೆ.

ಟಿಕೆಟಿನ ಕಿಂಡಿಯ ಪಕ್ಕ ಮರದ ಜಿರಾಫೆ,
ಅದರ ಕುತ್ತಿಗೆಯಲ್ಲಿ ಕೆಂಪು ಗೆರೆ.
ಕೆಳಗಿದ್ದರೆ ಅರ್ಧ, ಮುಟ್ಟಿದರೆ ಪೂರ್ತಿ.
ಮನೆಯ ದಾರಂದಕ್ಕೆ ಒರಗಿಸಿ
ಬಟ್ಟೆ ಹೊಲಿಯುವ ಟೇಪಿನಲ್ಲಿ
ಎರಡು ಸಲ ಅಳೆದಿದ್ದೆ ತನ್ವಿತನನ್ನು.
ಅರ್ಧ ಇಂಚು ನಮ್ಮ ಕಡೆಗಿತ್ತು.

ಆದರೆ ಗೆರೆ ಮುಟ್ಟಿದವರಿಗೆ ಮಾತ್ರ
ದೊಡ್ಡ ಜಾರುಬಂಡಿ ಎಂದು ಅವನು ಓದಿಬಿಟ್ಟಿದ್ದ.
(ಓದಲು ಕಲಿಸಿದವಳು ನಾನೇ.)
ನಿಂತ. ಕತ್ತು ನೀಳ, ಉಸಿರು ಬಿಗಿ.
ಚಪ್ಪಲಿಯಲ್ಲಿ ಹಿಮ್ಮಡಿ ಮೆಲ್ಲಗೆ ಎದ್ದದ್ದು
ನನಗೆ ಕಂಡಿತು, ಜಿರಾಫೆಗೆ ಕಾಣಲಿಲ್ಲ.
"ಫುಲ್" ಎಂದಳು ಕಿಂಡಿಯ ಹುಡುಗಿ.

ಆ ಹಿಮ್ಮಡಿ ತೋರಿಸಿದ್ದರೆ ನಾನೂರು ಉಳಿಯುತ್ತಿತ್ತು.
ಬಾಯಿ ತೆರೆದೆ.
ಅವನ ಮುಖ ನೋಡಿ
ಭಾನುವಾರದ ಲಕೋಟೆ ತೆರೆದೆ.

ಈಜುಡುಗೆಗೆ ಬಾಡಿಗೆ, ಬೀರುವಿಗೆ ಬಾಡಿಗೆ,
ಬೀರುವಿನ ಕೀಲಿಗೆ ಠೇವಣಿ.
ಎಲ್ಲ ಮುಂಗೈ ಮೇಲೆ ಪೆನ್ನಿನಲ್ಲಿ ಗೀಚಿಕೊಂಡೆ.
ಅಲೆಗಳ ಕೊಳಕ್ಕೆ ಕುಶಾಲಪ್ಪ ಎಳೆದರು,
ಖರ್ಚೆಲ್ಲ ನೀಲಿಯಾಗಿ ಕರಗಿ ಹೋಯಿತು.

ಅರ್ಧ ಟಿಕೆಟಿನ ಪೂವಿ
ಪುಟ್ಟ ಜಾರುಬಂಡಿಯಲ್ಲಿ ಇಪ್ಪತ್ತೇಳು ಸಲ ಜಾರಿದಳು.
ಸಲಕ್ಕೆ ಹದಿನೈದು ರೂಪಾಯಿಯೂ ಬೀಳಲಿಲ್ಲ.
ಪೂರ್ತಿ ಟಿಕೆಟಿನವನು
ದೊಡ್ಡದರ ತುತ್ತತುದಿ ತಲುಪಿ,
ಹಿಂದಿನವರಿಗೆಲ್ಲ ದಾರಿ ಬಿಟ್ಟು ಬಿಟ್ಟು,
ಕೊನೆಗೆ ಮೆಟ್ಟಿಲಿನಲ್ಲೇ ಇಳಿದು ಬಂದ.
ಯಾರೂ ಏನೂ ಕೇಳಲಿಲ್ಲ.
ನಾನಂತೂ ಬಾಗಿಸಿ ತಲೆ ಒರೆಸಿದೆ.

ಭಾನುವಾರ ಕೂಡಿಗೆಯ ಚಿಕ್ಕಮ್ಮನ ಮನೆ.
ಹಿಂದೆ ಹೊಳೆ, ಬಂಡೆಗಳಿಗೆ ಕಿಂಡಿಯಿಲ್ಲ.
ಪಾಚಿ ಹಿಡಿದ ಒಂದರಿಂದ ಅವನು
ಚಡ್ಡಿ ಹರಿಯುವ ತನಕ ಜಾರಿದ.
ಚಡ್ಡಿ ಯಾವ ಲಕೋಟೆಗೆ ಸೇರಿತು,
ಈಗಲೂ ಗೊತ್ತಿಲ್ಲ.

ಸೋಮವಾರ ಸಂಜೆ, ಚೀಲ ಇಳಿಸುವ ಮೊದಲೇ
ಬರಿಗಾಲಲ್ಲಿ ದಾರಂದಕ್ಕೆ ಬೆನ್ನು ಕೊಟ್ಟು ನಿಂತ,
ಹಿಮ್ಮಡಿ ಎರಡನ್ನೂ ನೆಲಕ್ಕೆ ಒತ್ತಿ.
"ಅಮ್ಮ, ಈಗ ಸರಿ ಅಳೆ" ಎಂದ.