ಮೊಳೆಯ ಎತ್ತರ

ಪೀಣ್ಯ ಎರಡನೇ ಹಂತ, ವಾಲ್ವು ಮಾಡುವ ಕಾರ್ಖಾನೆ.
ನಾನು ಸ್ಟೋರಿನವನು. ನಟ್ಟು, ಬೋಲ್ಟು, ಕಟಿಂಗ್ ಆಯಿಲು,
ಕಕ್ಕಸಿನ ಫಿನಾಯಿಲು, ಎಲ್ಲಕ್ಕೂ ಮೂರು ಕೊಟೇಶನ್,
ಕಡಿಮೆಯದಕ್ಕೆ ಟಿಕ್ಕು.
ಇಪ್ಪತ್ತೊಂದು ವರ್ಷದ ನನ್ನ ನೀತಿಶಾಸ್ತ್ರ ಇಷ್ಟೇ.

ಈ ಸಲ ಬಂದದ್ದು ಬೆಂಕಿಯ ಫೈಲು.
'ಸ್ಟಾಫ್ ಕಿಚನ್ನಿಗೆ ಸೂಕ್ತ ಸಲಕರಣೆ' ಎಂದು ಬರೆದು
ಸಾಹೇಬರು ಅಡಿಗೆರೆ ಎಳೆದಿದ್ದರು,
ಸೂಕ್ತ ಎಂಬುದಕ್ಕಲ್ಲ, ಬಜೆಟ್ಟಿನ ಅಂಕಿಗೆ.

ಇಮ್ತಿಯಾಜ್ ಬಂದ. ಸ್ಕೂಟರಿನ ಮುಂದೆ ನಾಲ್ಕು ಸಿಲಿಂಡರು,
ಸ್ಕೂಲಿಗೆ ಹೊರಟ ಮಕ್ಕಳ ಹಾಗೆ ಒತ್ತೊತ್ತಾಗಿ.
ಇದು ನೀರು ಸಾರ್, ಕಾಗದಕ್ಕೆ, ಕಟ್ಟಿಗೆಗೆ.
ಇದು ಪುಡಿ. ಎಲ್ಲಕ್ಕೂ ಆಗುತ್ತೆ ಅಂತಾರೆ,
ಎಣ್ಣೆ ಬಾಣಲೆ ಮಾತ್ರ ಆರಿದ ಹಾಗೆ ಮಾಡಿ ಮತ್ತೆ ಹತ್ತಿಕೊಳ್ಳುತ್ತೆ.
ಇದು ಗ್ಯಾಸು, ಫ್ರಿಜ್ಜಿಗೆ, ಮೈಕ್ರೋವೇವಿಗೆ;
ಬಾಣಲೆಗೆ ಬಿಟ್ಟರೆ ಎಣ್ಣೆಯೇ ಎದ್ದು ಮುಖಕ್ಕೆ ಬರುತ್ತೆ.
ಇದು...
ದನಿ ತಗ್ಗಿಸಿದ, ಬೆಲೆ ಹೇಳಲಿರುವವನ ಹಾಗೆ,
ಇದು ಎಣ್ಣೆಗೆಂದೇ ಹುಟ್ಟಿದ್ದು. ಸಿಂಪಡಿಸಿದರೆ
ಮೇಲೆ ಸೋಪಿನ ಕೆನೆ ಕಟ್ಟುತ್ತೆ,
ಬೆಂಕಿಗೆ ಉಸಿರು ಸಿಗಲ್ಲ.

ನೀರಿನದಕ್ಕಿಂತ ಮೂರು ಪಟ್ಟು.
ನನ್ನ ಪೆನ್ನು ಹಳೇ ಚಾಳಿಯಿಂದ ನೀರಿನ ಕಡೆ ಹೊರಳಿತು.

ಅಷ್ಟರಲ್ಲಿ ಅಕ್ಕಯಮ್ಮ, ಸೆರಗಿಗೆ ಕೈ ಒರೆಸುತ್ತ.
ಅರವತ್ತು ಜನಕ್ಕೆ ಮುದ್ದೆ, ಸಾರು; ಶನಿವಾರ ಬೋಂಡ.
"ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಗ್ತೀರಲ್ಲ,
ನಮ್ಮ ಹಿತ್ತಲಲ್ಲಿ ಬಾವಿ ಇತ್ತು ಸಾರ್.
ಕೊಡದ ತುಂಬ ನೀರೂ ಇತ್ತು.
ಕಜ್ಜಾಯದ ಎಣ್ಣೆ. ನಾನೇ ಸುರಿದೆ."
ಬಲಗೈ ಚಾಚಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ
ಚರ್ಮ, ಒದ್ದೆಯಾಗಿ ಒಣಗಿದ ಕಾಗದ.

ಇಮ್ತಿಯಾಜ್ ನೀರಿನ ಸಿಲಿಂಡರನ್ನು
ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದ.

ಸರಿ, ಎಣ್ಣೆಯದೇ ಇರಲಿ, ಒಂಬತ್ತು ಲೀಟರಿನ ದೊಡ್ಡದೇ, ಎಂದೆ.
ಆ ಔದಾರ್ಯ ನನಗೇ ಹೊಸದು.
ಅವಳು ಎತ್ತಿ ನೋಡಿದಳು. ಇಳಿಸಿದಳು.
"ಆ ಹೊತ್ತಿಗೆ ಸಾಹೇಬರು ಮೀಟಿಂಗಲ್ಲಿ, ನೀವು ಸ್ಟೋರಲ್ಲಿ.
ಒಲೆ ಮುಂದೆ ನಾನು.
ನನಗಿರೋದು ಒಂದೂವರೆ ಕೈ."

ಮೂರೂ ಕೊಟೇಶನ್ನುಗಳಲ್ಲಿ ತೂಕದ ಕಾಲಂ ಇತ್ತು,
ಯಾರ ಕೈಗೆ ಎಂಬುದು ಇರಲಿಲ್ಲ.

ಕೊನೆಗೆ ಎರಡು ಲೀಟರಿನದು ಒಂದು.
ಜೊತೆಗೆ ಗಾಜಿನ ನೂಲಿನ ಕಂಬಳಿ;
ಎರಡು ಪಟ್ಟಿ ಹಿಡಿದೆಳೆದರೆ ಬಿಚ್ಚಿಕೊಂಡು ಬೀಳುತ್ತದೆ.
ತಣ್ಣನೆಯ ಬಾಣಲೆಗೆ ಹೊದಿಸಿ ತೋರಿಸಿದ:
ಮೊದಲು ಗ್ಯಾಸು ಬಂದ್, ಆಗದಿದ್ದರೆ ಬಿಟ್ಟು ಹೊರಗೆ.
ಅಂಚನ್ನು ಕೈಗೆ ಸುತ್ತಿಕೊಳ್ಳಿ. ಆರಿತಾ ಅಂತ ಎತ್ತಿ ನೋಡಬೇಡಿ.
"ಹಬೆಗಿಟ್ಟ ಕಡುಬಿನ ಮುಚ್ಚಳ ತೆಗೀತೀವಾ?" ಅಂದಳು.
ಹುಡುಗ ನಕ್ಕ. ಪರೀಕ್ಷೆಯಲ್ಲಿ ಪಾಸಾದದ್ದು ಯಾರೋ ತಿಳಿಯಲಿಲ್ಲ.

ಮೊಳೆ ಹೊಡೆಯಲು ಬಂದವನು
ಜಾಗ ಖಾಲಿಯಿದೆಯೆಂದು ಒಲೆಯ ಮೇಲ್ಗಡೆಗೇ ಹೊರಟ.
"ಬೆಂಕಿ ಆರಿಸೋದನ್ನ ಬೆಂಕಿ ದಾಟಿ ತರಲಾ?"
ಹಾಗಾದರೆ ಬಾಗಿಲ ಪಕ್ಕ.
ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು,
ನಾನು ಅವಳ ಭುಜದ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದೆ,
ಮಕ್ಕಳ ಎತ್ತರ ಗುರುತು ಹಾಕುವ ಹಾಗೆ.

ಕಡಿಮೆ ದರ ಬಿಟ್ಟದ್ದೇಕೆ ಎಂಬ ಪ್ರಶ್ನೆ
ಹಸಿರು ಇಂಕಿನಲ್ಲಿ ಫೈಲಿಗೆ ಬಂತು.
ಬಹಳ ಹೊತ್ತು ಯೋಚಿಸಿ ಬರೆದೆ:
ಮೊಳೆಯ ಎತ್ತರ ನಾಲ್ಕಡಿ.
ಇನ್ನೂ ಸಹಿ ಆಗಿಲ್ಲ.

ಅವಳು ಒಲೆ ಹಚ್ಚುವ ಮುಂಚೆ ಸಿಲಿಂಡರಿನ ಮುಳ್ಳು ನೋಡುತ್ತಾಳೆ,
ಹಸಿರಿನಲ್ಲಿದೆಯೇ ಎಂದು, ಹಾಲು ಉಕ್ಕಿತೇ ಎಂದು ನೋಡುವಷ್ಟೇ ಸಹಜವಾಗಿ.
ಮೊನ್ನೆ ಆ ಕಂಬಳಿಯ ಮೊಳೆಗೆ
ಯಾರೋ ಹೆಲ್ಮೆಟ್ ನೇತುಹಾಕಿದ್ದರು.
ಆ ಶನಿವಾರ ಅವರಿಗೆ ಬೋಂಡ ಸಿಗಲಿಲ್ಲ.

ಹೆಲ್ಮೆಟ್ಟು ನನ್ನದು.