ಎದುರುಬದುರು

ಫ್ರಿಜ್ಜಿನಲ್ಲಿ, ಮೇಕೆ ಚೀಸಿನ ಪಕ್ಕ,
ಉಪ್ಪಿನಕಾಯಿಯ ಹಳೇ ಗಾಜಿನ ಬಾಟಲಿ.
ಒಳಗೆ ಒದ್ದೆ ಮರಳು, ಮರಳಲ್ಲಿ ಬೀಜ.
ಮುಚ್ಚಳದ ಮೇಲೆ ನನ್ನ ಸೊಟ್ಟ ಅಕ್ಷರ:
ತಿನ್ನಬೇಡ, ಮಿಲೂನ್.

ಆದರೂ ತೆಗೆದು ಮೂಸಿದೆ.
'ಮೀನಿನ ಹುರುಪೆಯೇನೇ ಇದು?'
ಲಿಂತ್ಸುರಾ, ಅಂದೆ.
ನೀನು ಮುಚ್ಚಳ ತಿರುಗಿಸಿ ಇಟ್ಟೆ,
ಬೇಕಾದ್ದಕ್ಕಿಂತ ಬಿಗಿಯಾಗಿ.

ಮೂವತ್ತು ವರ್ಷ ನಿನ್ನ ಹಾರೆಗೆ
ಗೊತ್ತಿದ್ದದ್ದು ಬೇರು ಮಾತ್ರ.
ತೋಳುದ್ದ, ತೋಳು ದಪ್ಪ, ಒಳಗೆ ಹಳದಿ,
ನಾಲಿಗೆಗೆ ತಾಕಿದರೆ ಸಂಜೆಯವರೆಗೂ ಇಳಿಯದ ಕಹಿ.
ನಿಕ್ಷಿಚ್‌ನಿಂದ ವ್ಯಾಪಾರಿ ಬರುತ್ತಿದ್ದ,
ತಕ್ಕಡಿ ಅವನದೇ, ಲೆಕ್ಕವೂ ಅವನದೇ.
ಹಸಿಬೇರಿಗೆ ಚಿಲ್ಲರೆ, ಒಣಬೇರಿಗೆ ನೋಟು.
ಚಾವಣಿಯ ತಗಡು ಆ ನೋಟಿನದು.
ದಾನಿತ್ಸಾಳ ಹಲ್ಲಿನ ತಂತಿ,
ನಾನು ಹೊದ್ದ ಈ ಕೋಟು ಕೂಡ.
ನಿನ್ನನ್ನು ಬೈಯಲು ನನಗೆಲ್ಲಿದೆ ಬಾಯಿ?

ಹೋದ ಸೆಪ್ಟೆಂಬರಿನಲ್ಲಿ ಒಬ್ಬಳೇ ಹತ್ತಿದೆ.
ಮೂರು ತಾಸಿಗೆ ಸಿಕ್ಕಿದ್ದು ಒಂದೇ ಕಾಂಡ,
ಕುರಿಯೂ ನಿಲ್ಲದ ಬಂಡೆಯ ಅಂಚಲ್ಲಿ.
ಉಳಿದದ್ದೆಲ್ಲ ಹೊಂಡ. ಹೊಂಡದ ತುಂಬ ಹುಲ್ಲು.
ಕಾಯಿ ಒಡೆದು ಅಂಗೈಗೆ ಸುರಿದುಕೊಂಡೆ.
ಉಗುರಿನ ಚೂರಿಗಿಂತ ಹಗುರ,
ಉಸಿರು ಬಿಟ್ಟರೆ ಹಾರುವಂಥದ್ದು.
ಬಾಯಿಗೆ ಸೆರಗು ಕಟ್ಟಿಕೊಂಡಂತೆ
ಶಾಲನ್ನು ಕಚ್ಚಿಕೊಂಡೇ ಇಳಿದು ಬಂದೆ.

ಚಳಿ ಕಚ್ಚದೆ ಈ ಬೀಜ ಕಣ್ಣು ಬಿಡುವುದಿಲ್ಲ.
ಈಗಿನ ಚಳಿಗಾಲವನ್ನು ನಂಬುವಂತಿಲ್ಲ,
ಜನವರಿಯಲ್ಲೂ ಸೂರು ತೊಟ್ಟಿಕ್ಕುತ್ತದೆ.
ಅದಕ್ಕೇ ಮೂರು ತಿಂಗಳು ಫ್ರಿಜ್ಜು.
ಆಮೇಲೆ ಮರಳು ಸಮೇತ ಮಣ್ಣಿನ ಮೇಲೆ ಎರಚಿ
ಬರಿಗೈಯಲ್ಲಿ ಒತ್ತಿದೆ. ಮುಚ್ಚಲಿಲ್ಲ.
ಇದಕ್ಕೆ ಬೆಳಕೂ ಬೇಕಂತೆ, ರಾಜಕುಮಾರಿ.

'ಹೂವು ಯಾವಾಗ?' ಕೇಳಿದೆ.
ಹತ್ತು ವರ್ಷ.
ನೀನು ಮಂಡಿ ನೀವಿಕೊಳ್ಳುತ್ತಾ ನಕ್ಕೆ.
'ಬೇರು ಕೀಳಲು ನನ್ನ ಹೆಣ ಬರಬೇಕು.'
ಕೀಳಲಿಕ್ಕಲ್ಲ, ಅಂದೆ.
ಮತ್ತೆ ಯಾಕೆ ಎಂದು ನೀನು ಕೇಳಲಿಲ್ಲ.

ಮೊದಲ ವರ್ಷ ಎರಡೆಲೆ, ತೊಗರಿಬೇಳೆಯಷ್ಟು.
ಎರಡನೆಯ ವರ್ಷ ನಾಲ್ಕು.
ಅರವತ್ತಮೂರರಲ್ಲಿ ಉಳಿದದ್ದು ಹತ್ತೊಂಬತ್ತು;
ಬಸವನಹುಳು ಕೆಲವಕ್ಕೆ, ರಾದೋಯ್ಕಾಳ ಮೇಕೆ ಕೆಲವಕ್ಕೆ,
ಇನ್ನು ಕೆಲವು ಹೇಳದೆ ಕೇಳದೆ.

ಚೆಮೆರಿಕಾದ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ.
ಅದಕ್ಕೂ ಇದೇ ಮುಖ, ಇದೇ ಗೆರೆ, ಇದೇ ಇಳಿಜಾರು.
ಎಲೆ ಇರುವಾಗ ಹಸುಳೆಗೂ ತಿಳಿಯುತ್ತದೆ:
ಅದರದು ಒಂದಾದ ಮೇಲೊಂದು, ಸುತ್ತಿ ಏರುವ ಎಲೆ;
ಲಿಂತ್ಸುರಾದ್ದು ಎದುರುಬದುರು.
ಎಲೆ ಉದುರಿದ ಮೇಲೆ ಬೇರು ಬೇರೇ.
ಆ ನವೆಂಬರಿನ ಮೂಟೆಯಲ್ಲಿ
ಯಾರ ಹಾರೆಗೆ ಬಂದದ್ದೋ ಒಂದು ಬೇರು.
ರಾಕಿಯಾದಲ್ಲಿ ನೆನೆಸಿದ್ದು ನಾನು,
ಬಗ್ಗಿಸಿಕೊಟ್ಟದ್ದು ನೀನು,
ಮೊದಲ ಗುಟುಕು ನಿನ್ನ ತಮ್ಮನದು.
ವೂಕೋತಾನ ಲೋಟ ಇನ್ನೂ ಕಪಾಟಿನಲ್ಲೇ ಇದೆ,
ಬೋರಲಾಗಿ.

ಇದು ಮೂರನೆಯ ಬೇಸಿಗೆ.
ಬೆಳಿಗ್ಗೆ ನೀರು ಹೊಯ್ಯಲು ಬಂದರೆ ನೀನು ಅಲ್ಲಿದ್ದೆ,
ದಿಂಬಿನ ಮೇಲೆ ಮಂಡಿಯೂರಿ, ಕನ್ನಡಕ ಹಾಕಿ,
ಒಂದೊಂದೇ ಗಿಡಕ್ಕೆ ಬೆರಳು ತಾಗಿಸುತ್ತಾ:
ಎದುರುಬದುರು.
ಎದುರುಬದುರು.
ಹದಿನಾರು, ಹದಿನೇಳು.
ಹದಿನೆಂಟರ ಹತ್ತಿರ ಬೆರಳು ನಿಂತಿತು.

ನಾನೂ ಆಚೆ ಬದಿಯಲ್ಲಿ ಕೂತೆ.
ಒಂದೇ ಎಲೆ. ಜೊತೆಯದಿಲ್ಲ.
ಹುಳು ತಿಂದ ಗುರುತೋ, ಹುಟ್ಟಾ ಹೀಗೆಯೋ;
ಮೇಲಿನಿಂದ ಗಾಳಿ ಯಾವ ಬೀಜ ತಂದಿತೋ.
ನಿನ್ನ ಕೈ ಕೀಳುವ ಕೈ. ಹಾಗೇ ನಡುಗುತ್ತಿತ್ತು.

'ಇನ್ನೊಂದು ಜೋಡಿ ಬರಲಿ,' ಅಂದೆ ನೀನು,
'ನೋಡೋಣ.'
ಜೇಬಿನಿಂದ ಕಾಫಿ ಚಮಚ ತೆಗೆದು
ಗುರುತಿಗೆಂದು ಅದರ ಪಕ್ಕ ಚುಚ್ಚಿದೆ.
ಏಳಲು ಆಗಲಿಲ್ಲ ನಿನಗೆ.
ನನಗೂ ಅವಸರವಿರಲಿಲ್ಲ.